ನೆಂಟರನ್ನೂ ಕಾರಿಗೆ ಹತ್ತಿಸಿಕೊಳ್ಳಬೇಕಾದರೆ ಯಾವ ಕಿಟಕಿ ತೆರೆಯಬೇಕು?

ಸಾಂಕ್ರಾಮಿಕದ ಕಾಲದಲ್ಲಿ ಬೇರೆ ಮನೆಯವರೊಬ್ಬರು ನಿಮ್ಮ ಕಾರಿಗೆ ಹತ್ತಿದರೆ ಅವರನ್ನು ಚಾಲಕರ ಹಿಂದಿನ ಸೀಟಿನಲ್ಲಿ ಕೂರಿಸಬೇಡಿ, ಹಿಂದಿನ ಸಾಲಿನಲ್ಲೇ ಎದುರು ಬದಿಗೆ ಕೂರಿಸಿ. ಆಮೇಲೆ ಇವರಿಬ್ಬರ ಪಕ್ಕದ ಕಿಟಕಿಗಳನ್ನು ಮುಚ್ಚಿ, ಉಳಿದೆರಡನ್ನು ಪೂರ್ತಿ ಇಳಿಸಿ. ಓಡುವ ಕಾರಿನಲ್ಲಿ ಗಾಳಿ ಸಾಮಾನ್ಯವಾಗಿ ಹಿಂದಿನ ಕಿಟಕಿಯಿಂದ ಒಳಬಂದು ಮುಂದಿನದರಿಂದ ಹೊರಹೋಗುತ್ತದೆ. ವಿಂಡ್‌ಶೀಲ್ಡ್ ದಾಟಿದ ಕೂಡಲೇ ಹೊರಗಿನ ಒತ್ತಡ ಕುಸಿಯುವುದೇ ಇದಕ್ಕೆ ಕಾರಣ. ಹೀಗೆ ಓರೆಯಾಗಿ ತೆರೆದಾಗ ಆ ಹರಿವು ಇಬ್ಬರ ನಡುವೆ ಪರದೆಯಂತೆ ಹಾದುಹೋಗುತ್ತದೆ. ನಂಬಿಕೆ ಬರದಿದ್ದರೆ ತೆಳು ಕಾಗದದ ಪಟ್ಟಿಯನ್ನು ಕಿಟಕಿಯ ಒಳಬದಿಯಲ್ಲಿ ಹಿಡಿದು ನೋಡಿ (ಚಾಲಕರು ಬೇಡ, ಪಕ್ಕದವರು). ನಾಲ್ಕೂ ಕಿಟಕಿ ತೆರೆದರೆ ಇನ್ನೂ ಒಳ್ಳೆಯದೇ, ಆದರೆ ಹೆದ್ದಾರಿಯ ಸದ್ದಿಗೆ ಮಕ್ಕಳೂ ಹಿರಿಯರೂ ಬೇಗ ಸುಸ್ತಾಗುತ್ತಾರೆ. ಸಿಗ್ನಲ್‌ನಲ್ಲಿ ಅಥವಾ ಆಮೆವೇಗದ ಟ್ರಾಫಿಕ್‌ನಲ್ಲಿ ಈ ಉಪಾಯ ಕೆಲಸ ಮಾಡದು. ವೇಗ ಇಳಿದಷ್ಟೂ ಹರಿವು ಇಳಿಯುತ್ತದೆ, ಅಲ್ಲಿ ನಾಲ್ಕನ್ನೂ ತೆರೆಯಿರಿ. ಮಳೆ ಬಂದರೆ ಎರಡು ಬೆರಳಿನಷ್ಟು ಸಂದು ಬಿಟ್ಟು, ಫ್ಯಾನ್ ಜೋರು ಮಾಡಿ, ಏಸಿಯನ್ನು ಹೊರಗಿನ ಗಾಳಿ ಎಳೆಯುವಂತೆ ಇಡಿ. ಕಾರಿನ ಚಿತ್ರದೊಳಗೆ ಬಾಗಿದ ಬಾಣವಿರುವ ಬಟನ್‌ನ ದೀಪ ಆರಿರಬೇಕು. ಅನೇಕ ಕಾರುಗಳಲ್ಲಿ ‘ಮ್ಯಾಕ್ಸ್ ಏಸಿ’ ಒತ್ತಿದರೆ ಅದು ತಾನಾಗಿ ಹೊತ್ತಿಕೊಂಡು ಒಳಗಿನ ಗಾಳಿಯನ್ನೇ ತಿರುಗಿಸತೊಡಗುತ್ತದೆ, ಗಮನಿಸಿ. ಒಂದೇ ಸೀಟಿನಲ್ಲಿ ಒತ್ತಾಗಿ ಮೂವರು ಕೂತರೆ ಕಿಟಕಿ ಅಷ್ಟಾಗಿ ಕಾಪಾಡದು, ಮಾಸ್ಕ್ ಬೇಕೇ ಬೇಕು. ಯಾರಿಗಾದರೂ ಜ್ವರವೋ ಕೆಮ್ಮೋ ಇದ್ದರೆ ಪ್ರಯಾಣವನ್ನೇ ಮುಂದೂಡಿ.