ಕಿರುಚಿತ್ರಕ್ಕೆ ಜಾಗ ಹುಡುಕುವುದು ಹೇಗೆ?

‘ಸರ್, ಕ್ಲೈಮ್ಯಾಕ್ಸ್ ಜೋಗದಲ್ಲಿ ಇಟ್ಕೊಂಡ್ರೆ ಹೇಗೆ?’ ಕಿರುಚಿತ್ರ ಮಾಡಲು ಹೊರಟ ವಿದ್ಯಾರ್ಥಿಗಳು ನನ್ನ ಹತ್ತಿರ ಬಂದಾಗ ಹೆಚ್ಚಾಗಿ ಕೇಳುವ ಮೊದಲ ಪ್ರಶ್ನೆ ಇದು. ಆಸೆ ತಪ್ಪಲ್ಲ. 253 ಮೀಟರ್ ಎತ್ತರದಿಂದ ನೀರು ಬೀಳುವುದನ್ನು ನೋಡಿದರೆ ಯಾರಿಗಾದರೂ ಕ್ಯಾಮೆರಾ ತೆಗೆಯಬೇಕು ಅನಿಸುತ್ತದೆ. ಆದರೆ ಶರಾವತಿಗೆ ಮೇಲೆ ಲಿಂಗನಮಕ್ಕಿ ಅಣೆಕಟ್ಟಿದೆ. ಆಗಸ್ಟಿನಲ್ಲಿ ಬೋರ್ಗರೆಯುವ ರಾಜಾ, ರೋರರ್ ಧಾರೆಗಳು ಏಪ್ರಿಲ್ ಹೊತ್ತಿಗೆ ಬಂಡೆ ಮೇಲೆ ಸಣ್ಣ ಗೆರೆಯಾಗಿರುತ್ತವೆ. ಮಳೆಗಾಲದಲ್ಲಿ ಅರ್ಧ ದೃಶ್ಯ ತೆಗೆದು, ಪರೀಕ್ಷೆ ಮುಗಿಸಿ ಬೇಸಿಗೆಯಲ್ಲಿ ಉಳಿದದ್ದು ತೆಗೆಯಲು ಹೋದರೆ ಎರಡೂ ಸೇರುವುದೇ ಇಲ್ಲ.

ಮಲೆನಾಡಿನಲ್ಲಿ ಕ್ಯಾಮೆರಾ ಎಲ್ಲಿಟ್ಟರೂ ಚಂದವೇ. ಅದಕ್ಕೇ ಇಲ್ಲಿ ಜಾಗ ಆರಿಸುವುದು ಕಷ್ಟ. ಚಂದ ನೋಡಿ ಆರಿಸಬೇಡಿ. ಆ ಜಾಗದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನು ನಡೆಯುತ್ತದೆ ಅನ್ನುವುದನ್ನು ತಿಳಿದು ಆರಿಸಿ.

ಮೊದಲು ಕಾಗದದ ಮೇಲೆ

ಸ್ಕ್ರಿಪ್ಟ್ ತೆಗೆದುಕೊಂಡು ಪ್ರತಿ ದೃಶ್ಯದ ಮುಂದೆ ನಾಲ್ಕು ವಿಷಯ ಬರೆಯಿರಿ. ಎಲ್ಲಿ, ಯಾವ ಹೊತ್ತು, ಎಷ್ಟು ಜನ, ಮಾತು ಇದೆಯೋ ಇಲ್ಲವೋ. ಆಮೇಲೆ ಜಾಗ ಕಡಿಮೆ ಮಾಡಿ. ಹತ್ತು ನಿಮಿಷದ ಚಿತ್ರಕ್ಕೆ ಮೂರು ಜಾಗ ಸಾಕು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್, ಆಗುಂಬೆಗೆ ಸುಮಾರು 90. ಒಂದೇ ದಿನ ಪೇಟೆಯಲ್ಲೊಂದು, ಆಗುಂಬೆಯಲ್ಲೊಂದು ದೃಶ್ಯ ಇಟ್ಟುಕೊಂಡರೆ ಒಳ್ಳೆಯ ಬೆಳಕೆಲ್ಲ ವ್ಯಾನಿನಲ್ಲೇ ಕಳೆದುಹೋಗುತ್ತದೆ. ನನ್ನ ಕೇಳಿದರೆ ಒಂದು ಮನೆ, ಅದರ ಹಿಂದಿನ ತೋಟ, ನಡೆದು ಹೋಗುವಷ್ಟು ದೂರದಲ್ಲಿ ಒಂದು ಕಾಲುಸಂಕ ಅಥವಾ ಕೆರೆ ಏರಿ ಸಿಕ್ಕರೆ ಕಣ್ಣು ಮುಚ್ಚಿ ಒಪ್ಪಿಕೊಳ್ಳಿ.

ಮೂರು ಸಲ ಹೋಗಿ

ಮೊದಲ ಸಲ ಕ್ಯಾಮೆರಾ ಬೇಡ. ಮನೆಯವರ ಜೊತೆ ಜಗಲಿಯಲ್ಲಿ ಕೂತು ಮಾತಾಡಿ. ‘ಅಮ್ಮಾ, ಬೆಳಿಗ್ಗೆ ಎಷ್ಟು ಗಂಟೆಗೆ ಕೆಲಸ ಶುರು ಮಾಡ್ತೀರಿ? ಹಾಲು ಕರೆಯೋದು ಯಾವಾಗ? ಅಜ್ಜ ಮಧ್ಯಾಹ್ನ ಮಲಗ್ತಾರಾ?’ ಇಂಥ ಪ್ರಶ್ನೆಗಳಿಂದ ನಿಮ್ಮ ಶೂಟಿಂಗ್ ವೇಳಾಪಟ್ಟಿ ಅರ್ಧ ಅಲ್ಲೇ ತಯಾರಾಗುತ್ತದೆ. ಮುಂದಿನ ಎರಡು ತಿಂಗಳಲ್ಲಿ ಮನೆಯಲ್ಲಿ ಏನು ಕೆಲಸವಿದೆ ಅಂತಲೂ ಕೇಳಿ.

ಇದನ್ನು ಕೇಳದೆ ನಾವು ಪೆಟ್ಟು ತಿಂದಿದ್ದೇವೆ. ಸೆಪ್ಟೆಂಬರಿನಲ್ಲಿ ಸಾಗರದ ಕಡೆ ಒಂದು ಮನೆ ನೋಡಿ ಬಂದೆವು. ವಿಶಾಲವಾದ ಅಂಗಳ, ತುದಿಯಲ್ಲಿ ತುಳಸಿ ಕಟ್ಟೆ. ಅಪ್ಪ ಮಗ ಜಗಳವಾಡುವ ದೃಶ್ಯಕ್ಕೆ ಆ ಖಾಲಿ ಅಂಗಳವೇ ಬೇಕಿತ್ತು. ನವೆಂಬರಿನಲ್ಲಿ ಹೋದರೆ ಅಂಗಳವೇ ಇಲ್ಲ! ಪೂರ್ತಿ ಚಪ್ಪರ ಹಾಕಿದ್ದರು, ಮೇಲೆ ಅಡಿಕೆ ಒಣಗುತ್ತಿತ್ತು. ಮೂಲೆಯಲ್ಲಿ ಹಂಡೆ ಕುದಿಯುತ್ತಿತ್ತು. ಚಪ್ಪರದ ಕೆಳಗೆ ಸುಲಿಯುವವರು ಸಾಲಾಗಿ ಕೂತಿದ್ದರು. ಮನೆಯವರದ್ದು ಏನೂ ತಪ್ಪಿಲ್ಲ. ಕೊಯ್ಲಿನ ಕಾಲ ಅಂದರೆ ಹಾಗೇ ಇರುತ್ತದೆ, ಕೇಳದೆ ಬಂದವರು ನಾವು. ಕೊನೆಗೆ ಜಗಳವನ್ನು ಸುಲಿಯುವವರ ಮಧ್ಯೆಯೇ ಇಟ್ಟು, ಮಾತನ್ನೆಲ್ಲ ಹೊಸದಾಗಿ ಬರೆದೆವು.

ಎರಡನೇ ಸಲ, ದೃಶ್ಯ ನಡೆಯುವ ಹೊತ್ತಿಗೇ ಹೋಗಿ. ಹಳೇ ಹಂಚಿನ ಮನೆಗಳ ಮಾಡಿನಲ್ಲಿ ಒಂದೆರಡು ಗಾಜಿನ ಹಂಚು ಇರುತ್ತವೆ ಅಲ್ವಾ? ಅದರಿಂದ ಒಂದು ಚೌಕದಷ್ಟು ಬಿಸಿಲು ಒಳಗೆ ಬೀಳುತ್ತದೆ. ಗೋಡೆ ಮೇಲೆ ಶುರುವಾಗಿ, ನಿಧಾನವಾಗಿ ನೆಲಕ್ಕಿಳಿದು, ಕಂಬ ದಾಟಿ ಹೋಗುತ್ತದೆ. ಅದರೊಳಗೆ ಒಲೆಯ ಹೊಗೆ ತೇಲುತ್ತಿದ್ದರೆ ಬೆಳಕಿನ ಕೋಲೇ ಕಾಣುತ್ತದೆ. ಅರ್ಧ ಗಂಟೆಗೊಮ್ಮೆ ಆ ಚೌಕದ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ಪಾತ್ರಧಾರಿ ಎಷ್ಟು ಗಂಟೆಗೆ ಎಲ್ಲಿ ಕೂರಬೇಕು ಅನ್ನುವುದನ್ನು ಆ ನೆಲವೇ ಹೇಳುತ್ತದೆ. ಒಂದು ಲೈಟೂ ಇಲ್ಲದೆ ಅಂಥ ಬೆಳಕು ಸಿಗುವಾಗ ಬಿಡುವುದು ಯಾಕೆ?

ತೋಟದ ಬೆಳಕು ಬೇರೆ ಥರ. ನಡು ಮಧ್ಯಾಹ್ನ ಅಡಿಕೆ ಮರಗಳ ನಡುವೆ ಮುಖದ ಮೇಲೆ ಚುಕ್ಕೆ ಚುಕ್ಕೆ ಬಿಸಿಲು ಬಿದ್ದು, ಮೂಗು ಉರಿದಂತೆ, ಕಣ್ಣು ಕತ್ತಲೆಯಂತೆ ಕಾಣುತ್ತದೆ. ಮೋಡ ಕವಿದ ದಿನ ಒಳ್ಳೆಯದು. ಪಶ್ಚಿಮಕ್ಕೆ ಗುಡ್ಡವಿದ್ದರೆ ಸೂರ್ಯ ಮುಳುಗುವುದಕ್ಕೆ ತುಂಬಾ ಮೊದಲೇ ತೋಟದಲ್ಲಿ ಕತ್ತಲೆ. ಮೊಬೈಲಿನಲ್ಲಿ ನೋಡಿದ ಸೂರ್ಯಾಸ್ತದ ಸಮಯ ಅಲ್ಲಿ ನಡೆಯುವುದಿಲ್ಲ.

ಮೂರನೇ ಸಲ ಹೋಗುವುದು ಕಿವಿಗಾಗಿ. ಕಣ್ಣು ಮುಚ್ಚಿ ಐದು ನಿಮಿಷ ಸುಮ್ನೆ ನಿಲ್ಲಿ. ಪಕ್ಕದ ತೋಟದಲ್ಲಿ ಕಳೆ ಕೊಚ್ಚುವ ಮಷಿನ್, ನೀರಿನ ಮೋಟಾರು, ತಿರುವಿನಲ್ಲಿ ಬಸ್ಸಿನ ಹಾರನ್. ಬೇಸಿಗೆಯಲ್ಲಿ ಜೀರುಂಡೆ, ಮಳೆಗಾಲದ ರಾತ್ರಿ ಕಪ್ಪೆ. ಜೀರುಂಡೆ ಒಂದೇ ಸಮ ಕೂಗಿದರೆ ತೊಂದರೆ ಇಲ್ಲ. ಮಾತಿನ ನಡುವೆ ನಿಂತು ಮತ್ತೆ ಶುರುವಾದರೆ ಎಡಿಟಿಂಗಿನಲ್ಲಿ ಜೋಡಿಸುವುದು ಕಷ್ಟ.

ಒಪ್ಪಿಗೆ

ಮನೆಯಾದರೆ ಯಾವ ದಿನ, ಎಷ್ಟು ಹೊತ್ತು, ಯಾವ ಕೋಣೆ ಅಂತ ಒಂದು ಹಾಳೆಯಲ್ಲಿ ಬರೆದು ಯಜಮಾನರ ಸಹಿ ತೆಗೆದುಕೊಳ್ಳಿ. ದೇವರ ಕೋಣೆ, ಅಡುಗೆ ಮನೆಗೆ ಹೋಗಬಹುದಾ ಅಂತ ಬೇರೆಯಾಗಿಯೇ ಕೇಳಿ. ಉಳಿದ ಕಡೆಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. ಶಿವಮೊಗ್ಗದ ಗಾಂಧಿ ಬಜಾರಿನಂಥ ರಸ್ತೆಗೆ ಪೊಲೀಸ್ ಠಾಣೆ, ರೈಲು ನಿಲ್ದಾಣಕ್ಕೆ ರೈಲ್ವೆಯ ಮೈಸೂರು ವಿಭಾಗ, ಇಕ್ಕೇರಿ ದೇವಸ್ಥಾನಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಶೆಟ್ಟಿಹಳ್ಳಿ ಅಥವಾ ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಅರಣ್ಯ ಇಲಾಖೆ. ಇವೆಲ್ಲ ಬೇಗ ಆಗುವ ಕೆಲಸವಲ್ಲ. ಸೆಮಿಸ್ಟರ್ ಶುರುವಾದಾಗಲೇ ಅರ್ಜಿ ಹಾಕಿ. ಡ್ರೋನ್ ಹಾರಿಸುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಜಾಗ ಹಸಿರೋ, ಹಳದಿಯೋ, ಕೆಂಪೋ ನೋಡಲೇಬೇಕು. 2023ರಿಂದ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆ ಅನ್ನುವುದು ನೆನಪಿರಲಿ.

ಜಾಗ ಸಿದ್ಧ ಮಾಡುವುದು

ಹಿಂದಿನ ದಿನವೇ ಇಬ್ಬರು ಹೋಗಿ. ಒಂದು ಲೋಟ ಸರಿಸುವ ಮುಂಚೆಯೂ ಪ್ರತಿ ಗೋಡೆಯ, ಪ್ರತಿ ಮೂಲೆಯ ಫೋಟೊ ತೆಗೆಯಿರಿ. ಆಮೇಲೆ ಗೋಡೆಯ ಕ್ಯಾಲೆಂಡರ್, ಪ್ಲಾಸ್ಟಿಕ್ ಕುರ್ಚಿ, ಕಥೆಗೆ ಹೊಂದದ ವಸ್ತುಗಳನ್ನು ತೆಗೆದಿಡಿ. ಸೆಗಣಿ ಸಾರಿಸಿದ ನೆಲಕ್ಕೆ ಟ್ರೈಪಾಡ್ ಕಾಲು ಚುಚ್ಚಿದರೆ ಗುಳಿ ಬೀಳುತ್ತದೆ, ಕೆಳಗೆ ಬಟ್ಟೆ ಸುತ್ತಿ.

ಕರೆಂಟಿನ ವಿಷಯದಲ್ಲಿ ಧೈರ್ಯ ಮಾಡಬೇಡಿ. 5 ಆಂಪಿಯರ್ ಸಾಕೆಟ್ ತಡೆಯುವುದು ಹೆಚ್ಚೆಂದರೆ 1,150 ವ್ಯಾಟ್. ಸಾವಿರ ವ್ಯಾಟಿನ ಹ್ಯಾಲೊಜನ್ ಜೊತೆ ಇನ್ನೊಂದು ಲೈಟು ಸಿಕ್ಕಿಸಿದರೆ ಹಳೇ ವೈರಿಂಗ್ ಸುಡಬಹುದು. ಬ್ಯಾಟರಿಯ ಎಲ್‌ಇಡಿ ಲೈಟು ಸಾಕು. ಮಳೆ ಹಿಡಿದರೆ ಕರೆಂಟು ಯಾವಾಗ ಬರುತ್ತದೋ ಹೇಳುವವರಿಲ್ಲ. ಅಂದಹಾಗೆ, ಮಳೆಯನ್ನು ತೆಗೆಯಬೇಕೆಂದರೆ ಬೆಳಕು ಹನಿಗಳ ಹಿಂದಿನಿಂದ ಬರಬೇಕು, ಹಿನ್ನೆಲೆ ಕಪ್ಪಗಿರಬೇಕು. ಬೆಳಕು ಕ್ಯಾಮೆರಾ ಕಡೆಯಿಂದ ಬಿದ್ದರೆ ಆಗುಂಬೆಯ ಜಡಿಮಳೆಯೂ ಕಾಣುವುದೇ ಇಲ್ಲ.

ಮಳೆಗಾಲದಲ್ಲಿ ಉಂಬಳಕ್ಕೆ (ಜಿಗಣೆಗೆ) ಉದ್ದ ಕಾಲುಚೀಲ, ಒಂದು ಪೊಟ್ಟಣ ಉಪ್ಪು ಇರಲಿ. ಅದಕ್ಕಿಂತ ದೊಡ್ಡ ವಿಷಯ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ರೋಗವನ್ನು ಹರಡುವುದು ಕಾಡಿನ ಉಣ್ಣಿ. ಡಿಸೆಂಬರಿನಿಂದ ಮೇ ತನಕ ಅಪಾಯ ಜಾಸ್ತಿ. ಕಾಡಂಚಿನಲ್ಲಿ ದೃಶ್ಯವಿದ್ದರೆ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಮಂಗ ಸತ್ತ ಸುದ್ದಿ ಇದ್ದರೆ ಆ ಜಾಗ ಬಿಟ್ಟುಬಿಡಿ, ಎಷ್ಟೇ ಚಂದವಿರಲಿ. ನಟರನ್ನು ದರಗಿನ (ಒಣ ಎಲೆಯ) ಮೇಲೆ ಕೂರಿಸಬೇಡಿ, ಮಲಗಿಸಬೇಡಿ. ಮೈತುಂಬಾ ಬಟ್ಟೆ, ಉಣ್ಣಿ ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ತೈಲ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಶೂಟಿಂಗ್ ಆದ ಮೇಲೆ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಊಟ ನಿಮ್ಮದೇ ತನ್ನಿ. ಹನ್ನೆರಡು ಜನಕ್ಕೆ ಅಜ್ಜಿ ಅನ್ನ ಬೇಯಿಸುವಂತೆ ಆಗಬಾರದು, ಅವರು ಬೇಡ ಅನ್ನುವುದಿಲ್ಲ ಅಂತ ಗೊತ್ತಿದ್ದೂ. ತಂಡದ ಹುಡುಗಿಯರಿಗೆ ಬಚ್ಚಲು, ಶೌಚಾಲಯ ಎಲ್ಲಿ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಕೊನೆಯ ಶಾಟ್ ಮುಗಿದ ಮೇಲೆ ಎಲ್ಲರೂ ಒಂದು ನಿಮಿಷ ಅಲುಗಾಡದೆ ನಿಂತು, ಆ ಮನೆಯ ಸದ್ದನ್ನಷ್ಟೇ ರೆಕಾರ್ಡ್ ಮಾಡಿ. ಮಾತಿನ ನಡುವಿನ ತೂತು ಮುಚ್ಚಲು ಎಡಿಟಿಂಗಿನಲ್ಲಿ ಬೇಕಾಗುತ್ತದೆ. ಆಮೇಲೆ ಫೋಟೊ ನೋಡಿಕೊಂಡು ಕ್ಯಾಲೆಂಡರ್ ಅದೇ ಮೊಳೆಗೆ, ಕುರ್ಚಿ ಅದೇ ಮೂಲೆಗೆ. ನೆಲದ ಸೀಮೆಸುಣ್ಣ ಒರೆಸಿ. ಹೊರಡುವಾಗ ಬೇಲಿಯ ದಣಪೆ (ಗೇಟು) ಹಾಕಿದ್ದೀರಾ ಅಂತ ಒಬ್ಬರು ತಿರುಗಿ ನೋಡಲಿ. ಇಲ್ಲದಿದ್ದರೆ ಸಂಜೆಯೊಳಗೆ ದನ ತೋಟಕ್ಕೆ ನುಗ್ಗಿರುತ್ತವೆ.