ಆರ್‌ಸಿ ಕಾರು ನೀವೇ ಜೋಡಿಸಿ

ಆರ್‌ಸಿ ಕಾರಿನ, ಅಂದರೆ ರಿಮೋಟಿನಿಂದ ಓಡಿಸುವ ಪುಟ್ಟ ಕಾರಿನ, ಕಿಟ್ ಡಬ್ಬಿ ತೆರೆದರೆ ಒಳಗೆ ಕಾರೇನೂ ಕಾಣುವುದಿಲ್ಲ. ಚೌಕಟ್ಟಿಗೆ ಅಂಟಿಕೊಂಡ ಪ್ಲಾಸ್ಟಿಕ್ ಭಾಗಗಳು, ಗುರುತು ಹಾಕಿದ ತಿರುಪಿನ ಪೊಟ್ಟಣಗಳು, ನಾಲ್ಕು ಟೈರು, ಗಾಜಿನಂತೆ ಪಾರದರ್ಶಕವಾದ ಬಾಡಿ, ಜೊತೆಗೊಂದು ಕೈಪಿಡಿ. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಕಿಟ್ ಹೊರತಂದಾಗ ಡಬ್ಬಿಯಲ್ಲಿ ಇದ್ದದ್ದೂ ಬಿಡಿಭಾಗಗಳೇ. ಜೋಡಿಸಿಟ್ಟ ಕಾರೇ ಸಿಗುವಾಗ ಇದೆಲ್ಲ ಯಾಕೆ ಬೇಕು ಅನ್ನಿಸಬಹುದು. ಒಂದಲ್ಲ ಒಂದು ದಿನ ಕಾರು ಗೋಡೆಗೆ ಗುದ್ದಿಯೇ ಗುದ್ದುತ್ತದೆ. ಆಗ ಯಾವ ತಿರುಪು ಬಿಚ್ಚಿದರೆ ಯಾವ ಭಾಗ ಕೈಗೆ ಬರುತ್ತದೆ ಅನ್ನುವುದು ಜೋಡಿಸಿದವರಿಗೇ ಗೊತ್ತು.

ಜೋಡಣೆಯಲ್ಲಿ ಮುಕ್ಕಾಲು ಪಾಲು ಬರೀ ತಿರುಪು ಬಿಗಿಯುವ ಕೆಲಸ. ಅದು ಯಾರಿಗಾದರೂ ಬರುತ್ತದೆ. ಕಾರು ಚೆನ್ನಾಗಿ ಓಡುತ್ತದೋ ಇಲ್ಲವೋ ಎಂಬುದು ಗೇರು, ಕುಲುಕಾಟ ತಗ್ಗಿಸುವ ಶಾಕ್, ಸ್ಟೀರಿಂಗ್ ತಿರುಗಿಸುವ ಸರ್ವೊ ಈ ಮೂರು ಕಡೆ ನಿರ್ಧಾರವಾಗುತ್ತದೆ. ಅಲ್ಲಿ ಮಾತ್ರ ಅವಸರ ಬೇಡ.

ಕೊಳ್ಳುವ ಮೊದಲು

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಎಷ್ಟೋ ಕಿಟ್‌ಗಳಲ್ಲಿ ರಿಮೋಟ್, ರಿಸೀವರ್, ಸರ್ವೊ, ಬ್ಯಾಟರಿ, ಚಾರ್ಜರ್, ಬಣ್ಣ ಇವು ಯಾವುವೂ ಇರುವುದಿಲ್ಲ. ಕೆಲವದರಲ್ಲಿ ಮೋಟಾರೂ ಇಲ್ಲ. ರಿಸೀವರ್ ರಿಮೋಟಿನ ಸಂಕೇತ ಹಿಡಿಯುತ್ತದೆ, ಸರ್ವೊ ಮುಂದಿನ ಚಕ್ರ ತಿರುಗಿಸುತ್ತದೆ, ಇಎಸ್‌ಸಿ ಅನ್ನುವ ಸಣ್ಣ ಪೆಟ್ಟಿಗೆ ಮೋಟಾರಿನ ವೇಗ ನೋಡಿಕೊಳ್ಳುತ್ತದೆ. ಮೊದಲ ಕಾರಿಗೆ ನಿಜವಾದ ಕಾರಿನ ಹತ್ತನೇ ಒಂದರಷ್ಟು ದೊಡ್ಡದಾದ, ಅಂದರೆ 1/10 ಅಳತೆಯ ಕಿಟ್ ಸಾಕು. ಇದಕ್ಕೆ ಬಿಡಿಭಾಗ ಸಿಗುವುದೂ ಸುಲಭ.

ಉಪಕರಣದಲ್ಲಿ ಒಂದೇ ಎಚ್ಚರಿಕೆ. ಜಪಾನಿ ಕಿಟ್‌ನ ತಿರುಪಿನ ತಲೆ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್‌ಗೆ ಪೂರ್ತಿ ಹೊಂದುವುದಿಲ್ಲ. ಜೆಐಎಸ್ (ಜಪಾನಿನ ಮಾನದಂಡ) ಗುರುತಿನದ್ದನ್ನು ಬಳಸಿ, ಇಲ್ಲದಿದ್ದರೆ ತಲೆ ಬೇಗ ಸವೆಯುತ್ತದೆ. ಬೇರೆ ಕಿಟ್‌ಗಳಲ್ಲಿ ಅಲೆನ್ ಕೀ ತಿರುಪುಗಳಿದ್ದರೆ 1.5, 2 ಮತ್ತು 2.5 ಮಿ.ಮೀ. ಕೀಗಳು ಇಟ್ಟುಕೊಳ್ಳಿ. ಚೌಕಟ್ಟಿನಿಂದ ಭಾಗ ಬಿಡಿಸಲು ಸಣ್ಣ ಕಟಿಂಗ್ ಪ್ಲೇಯರ್ ಮತ್ತು ಚೂಪಾದ ಚಾಕು ಬೇಕು. ಭಾಗವನ್ನು ಕೈಯಲ್ಲಿ ತಿರುಚಿ ಕೀಳಬೇಡಿ. ಎಲ್ಲ ಭಾಗಗಳನ್ನೂ ಒಟ್ಟಿಗೆ ಕತ್ತರಿಸಿ ರಾಶಿ ಹಾಕುವುದೂ ಬೇಡ. ಗುರುತಿನ ಸಂಖ್ಯೆ ಇರುವುದು ಚೌಕಟ್ಟಿನ ಮೇಲೆ. ಆಯಾ ಹೆಜ್ಜೆಗೆ ಬೇಕಾದಷ್ಟನ್ನೇ ಬಿಡಿಸಿಕೊಳ್ಳಿ.

ಪ್ಲಾಸ್ಟಿಕ್‌ಗೆ ಹೋಗುವ ತಿರುಪು ತನ್ನ ದಾರಿ ತಾನೇ ಕೊರೆದುಕೊಳ್ಳುತ್ತದೆ. ತಲೆ ಕೂತ ತಕ್ಷಣ ನಿಲ್ಲಿಸಿ. ಇನ್ನೊಂದು ಸುತ್ತು ಬಿಗಿದರೆ ಒಳಗಿನ ಹಲ್ಲು ಕಿತ್ತು ತಿರುಪು ಸುಮ್ನೆ ಸುತ್ತುತ್ತಿರುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ಒಂದು ಹನಿ ಥ್ರೆಡ್‌ಲಾಕ್, ಅಂದರೆ ತಿರುಪು ಸಡಿಲಾಗದಂತೆ ಹಿಡಿಯುವ ಅಂಟು, ಹಾಕಿ. ಅದನ್ನು ಪ್ಲಾಸ್ಟಿಕ್‌ಗೆ ತಾಗಿಸಬಾರದು, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಗೇರು ಕೂರಿಸುವುದು

ಹೆಚ್ಚಿನ ಕೈಪಿಡಿಗಳು ಡಿಫರೆನ್ಷಿಯಲ್‌ನಿಂದ ಶುರುವಾಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಓಡಬೇಕಲ್ವಾ? ಅದಕ್ಕೆ ಅವಕಾಶ ಮಾಡಿಕೊಡುವುದೇ ಈ ಪುಟ್ಟ ಗೇರುಗಳ ಗೂಡು. ಹಲ್ಲುಗಳಿಗೆ ಗ್ರೀಸ್ ಹಚ್ಚಿ ಮುಚ್ಚಿ. ಸೀಲ್ ಮಾಡಿದ ಬಗೆಯಾದರೆ ಸಿಲಿಕಾನ್ ಎಣ್ಣೆ ತುಂಬಬೇಕು. ಮುಚ್ಚಿದ ಮೇಲೆ ಗೂಡನ್ನು ಹಿಡಿದುಕೊಂಡು ಒಂದು ಕಡೆಯ ದಂಡ ತಿರುಗಿಸಿ. ಇನ್ನೊಂದು ಕಡೆಯದು ಉಲ್ಟಾ ತಿರುಗಿದರೆ ಸರಿಯಾಗಿ ಕೂತಿದೆ ಎಂದರ್ಥ.

ಕಿಟ್‌ನಲ್ಲಿ ಬೇರಿಂಗ್ ಬದಲು ಪ್ಲಾಸ್ಟಿಕ್ ಬುಷ್ ಕೊಟ್ಟಿದ್ದರೆ ಈಗಲೇ ಬಾಲ್ ಬೇರಿಂಗ್ ಹಾಕಿಬಿಡಿ. ನನ್ನ ಲೆಕ್ಕದಲ್ಲಿ ಹಣ ಹಾಕಬೇಕಾದ ಮೊದಲ ಜಾಗ ಇದು. ದುಬಾರಿ ಮೋಟಾರಿನ ಸರದಿ ಆಮೇಲೆ. ಬುಷ್ ಬೇಗ ಸವೆಯುತ್ತದೆ, ಧೂಳು ಸೇರಿದರೆ ಇನ್ನೂ ಬೇಗ. ಆಮೇಲೆ ಬದಲಿಸೋಣ ಅಂದರೆ ಇಡೀ ಗೇರ್‌ಬಾಕ್ಸ್ ಬಿಚ್ಚಬೇಕು.

ಮೋಟಾರ್ ಹಾಕುವ ಮೊದಲು ಗೇರ್‌ಬಾಕ್ಸನ್ನು ಬೆರಳಿನಲ್ಲಿ ತಿರುಗಿಸಿ ನೋಡಿ. ಗ್ರೀಸ್‌ನಿಂದ ಸ್ವಲ್ಪ ಬಿಗಿ ಇದ್ದರೆ ಪರವಾಗಿಲ್ಲ. ಒಂದೇ ಜಾಗದಲ್ಲಿ ಪದೇ ಪದೇ ಸಿಕ್ಕಿಕೊಂಡರೆ ಬಿಚ್ಚಿ ನೋಡಲೇಬೇಕು. ಹಲ್ಲಿನ ಮೇಲೆ ಕತ್ತರಿಸದೆ ಉಳಿದ ಪ್ಲಾಸ್ಟಿಕ್ ಚೂರು ಇರಬಹುದು.

ಮೋಟಾರಿನ ತುದಿಯ ಸಣ್ಣ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡದು ಸ್ಪರ್. ಇವೆರಡರ ನಡುವೆ ಕೂದಲೆಳೆಯಷ್ಟು ಸಡಿಲ ಇರಬೇಕು. ಬಿಗಿಯಾದರೆ ಮೋಟಾರ್ ಬಿಸಿಯಾಗುತ್ತದೆ. ಜಾಸ್ತಿ ಸಡಿಲವಾದರೆ ಹಲ್ಲು ಮುರಿಯುತ್ತದೆ. ಮೋಟಾರನ್ನು ಸರಿಸಿ ಕೂರಿಸುವ ಬಗೆಯಾದರೆ ತೆಳ್ಳನೆ ಕಾಗದದ ಪಟ್ಟಿಯನ್ನು ಎರಡು ಗೇರುಗಳ ನಡುವೆ ಇಟ್ಟು, ಮೋಟಾರನ್ನು ಒತ್ತಿ ಹಿಡಿದು ತಿರುಪು ಬಿಗಿಯಿರಿ. ಆಮೇಲೆ ಗೇರು ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಸ್ಪರ್ ಗೇರಿನ ಪೂರ್ತಿ ಸುತ್ತಿನಲ್ಲೂ ಸಡಿಲ ಒಂದೇ ಥರ ಇದೆಯೇ ನೋಡಿ. ಕೆಲವು ಕಿಟ್‌ಗಳಲ್ಲಿ ತಿರುಪಿನ ತೂತುಗಳೇ ಈ ಅಂತರ ನಿಗದಿ ಮಾಡಿರುತ್ತವೆ, ಆಗ ಈ ಕೆಲಸವೇ ಇಲ್ಲ.

ಶಾಕ್‌ಗೆ ಎಣ್ಣೆ

ಎಲ್ಲರೂ ಬೇಸರ ಪಡುವ ಕೆಲಸ ಇದು. ಶಾಕ್ ಕೊಳವೆಯನ್ನು ನೆಟ್ಟಗೆ ಹಿಡಿದು, ದಂಡ ಪೂರ್ತಿ ಕೆಳಗಿಳಿಸಿ ಎಣ್ಣೆ ತುಂಬಿ. ಪಿಸ್ಟನ್ ಎಣ್ಣೆಯೊಳಗೇ ಇರುವಂತೆ ದಂಡವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ಅಡಗಿದ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ದಂಡವನ್ನು ಮತ್ತೆ ಕೆಳಗಿಳಿಸಿ, ಗುಳ್ಳೆಗಳು ಒಡೆಯುವವರೆಗೆ ಹಾಗೇ ನಿಲ್ಲಿಸಿಡಿ. ಆಮೇಲೆ ಬಾಯಿಯವರೆಗೆ ಎಣ್ಣೆ ಹಾಕಿ ರಬ್ಬರ್ ಪೊರೆ ಇಟ್ಟು ಮುಚ್ಚಳ ತಿರುಗಿಸಿ. ಸ್ವಲ್ಪ ಎಣ್ಣೆ ಹೊರಗೆ ಬರುತ್ತದೆ, ಬರಲಿ, ಒರೆಸಿ.

ಈಗ ದಂಡ ಒತ್ತಿ ಕಿವಿಗೊಡಿ. ಪಚಪಚ ಸದ್ದು ಬಂದರೆ ಗಾಳಿ ಉಳಿದಿದೆ, ಮತ್ತೆ ಮಾಡಿ. ಎಡ, ಬಲದ ಜೋಡಿಯನ್ನು ಒಟ್ಟಿಗೆ ಒತ್ತಿ ನೋಡಿ. ಎರಡೂ ಒಂದೇ ವೇಗದಲ್ಲಿ ಒಳಗೆ ಹೋಗಬೇಕು. ಇಲ್ಲದಿದ್ದರೆ ಎಡಕ್ಕೊಂದು ಬಲಕ್ಕೊಂದು ಥರ ತಿರುಗುವ ಕಾರು ನಿಮ್ಮದಾಗುತ್ತದೆ.

ಸರ್ವೊ, ತಂತಿ, ಮೊದಲ ಪರೀಕ್ಷೆ

ಸರ್ವೊವನ್ನು ಷಾಸಿಗೆ, ಅಂದರೆ ಕಾರಿನ ತಳಕ್ಕೆ, ಬಿಗಿಯುವ ಮೊದಲು ಅದಕ್ಕೆ ಕರೆಂಟ್ ಕೊಡಿ. ಈ ಹೆಜ್ಜೆ ಬಿಟ್ಟವರೇ ಜಾಸ್ತಿ. ಸರ್ವೊ ತಂತಿ ರಿಸೀವರ್‌ನ ಮೊದಲ ಚಾನಲ್‌ಗೆ, ಇಎಸ್‌ಸಿ ತಂತಿ ಎರಡನೆಯದಕ್ಕೆ ಹೋಗುತ್ತದೆ. ರಿಸೀವರ್‌ಗೆ ಬೇರೆ ಬ್ಯಾಟರಿ ಬೇಡ, ಇಎಸ್‌ಸಿಯೇ ಕರೆಂಟ್ ಕೊಡುತ್ತದೆ. ರಿಮೋಟಿನ ಸ್ಟೀರಿಂಗ್ ಟ್ರಿಮ್ (ಚಕ್ರದ ನೇರ ಸ್ಥಾನವನ್ನು ತುಸು ಸರಿಸುವ ಗುಂಡಿ) ಸೊನ್ನೆಗೆ ಇಟ್ಟು ಆನ್ ಮಾಡಿ. ಸರ್ವೊ ತನ್ನ ನಡುಬಿಂದುವಿಗೆ ಬಂದು ನಿಲ್ಲುತ್ತದೆ. ಆ ಸ್ಥಿತಿಯಲ್ಲೇ ಕೈಪಿಡಿಯ ಚಿತ್ರದಂತೆ ಅದರ ತೋಳು ಸಿಕ್ಕಿಸಿ. ಹೀಗೆ ಮಾಡದೆ ಬಿಗಿದರೆ ಒಂದು ಕಡೆ ಚಕ್ರ ಪೂರ್ತಿ ತಿರುಗುತ್ತದೆ, ಇನ್ನೊಂದು ಕಡೆ ಅರ್ಧಕ್ಕೇ ನಿಲ್ಲುತ್ತದೆ.

ತಂತಿಗಳನ್ನು ಗೇರು, ಡ್ರೈವ್‌ಶಾಫ್ಟ್‌ಗಳಿಂದ ದೂರ ಕಟ್ಟಿ. ನಂತರ ಚಕ್ರಗಳು ನೆಲಕ್ಕೆ ತಾಗದಂತೆ ಕಾರನ್ನು ಡಬ್ಬಿಯ ಮೇಲೆ ಇಟ್ಟು ಪರೀಕ್ಷಿಸಿ. ಮೊದಲು ರಿಮೋಟ್ ಆನ್, ಆಮೇಲೆ ಕಾರು. ಆರಿಸುವಾಗ ಮೊದಲು ಕಾರು, ಆಮೇಲೆ ರಿಮೋಟ್. ಆದೇಶ ಕೊಡುವವರಿಲ್ಲದೆ ಕಾರು ಜೀವಂತ ಇರಬಾರದು, ಅದಕ್ಕೇ ಈ ಕ್ರಮ. ಮುಂದೆ ಒತ್ತಿದಾಗ ಹಿಂದೆ ತಿರುಗಿದರೆ ಮಾಮೂಲಿ ಬ್ರಷ್ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ. ಸೆನ್ಸರ್ ತಂತಿ ಇರುವ ಬ್ರಷ್‌ಲೆಸ್ ಮೋಟಾರಿನಲ್ಲಿ ಹಾಗೆ ಮಾಡಬಾರದು.

ಬಾಡಿಯ ಬಣ್ಣ

ಬಣ್ಣ ಬಳಿಯುವುದು ಒಳಗಿನಿಂದ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸಿ, ಕಿಟಕಿಗಳಿಗೆ ಒಳಗಡೆ ಮಾಸ್ಕ್ ಅಂಟಿಸಿ. ಬಾಡಿಯ ಪ್ಲಾಸ್ಟಿಕ್ಕಾದ ಪಾಲಿಕಾರ್ಬನೇಟ್‌ಗೆಂದೇ ಇರುವ ಸ್ಪ್ರೇ ತನ್ನಿ. ಬೇರೆ ಸ್ಪ್ರೇ ಬಾಡಿ ಬಳುಕಿದಾಗ ಪದರವಾಗಿ ಉದುರುತ್ತದೆ. ತೆಳುವಾಗಿ ಹಲವು ಸಲ ಹೊಡೆಯಿರಿ. ಮೊದಲು ಹೊಡೆದ ಬಣ್ಣವೇ ಹೊರಗಿನಿಂದ ಮೇಲೆ ಕಾಣುವುದರಿಂದ ಗಾಢ ಬಣ್ಣ ಮೊದಲು, ತಿಳಿ ಬಣ್ಣ ಆಮೇಲೆ. ಹೊರಗಿನ ರಕ್ಷಣಾ ಪೊರೆ ಎಲ್ಲ ಮುಗಿದ ಮೇಲೆ ಕಿತ್ತರೆ ಸಾಕು. ಸ್ಟಿಕರ್ ನಿಮ್ಮ ಇಷ್ಟ.

ಬ್ಯಾಟರಿ ಮತ್ತು ಓಟ

ಹೊಸಬರಿಗೆ 7.2 ವೋಲ್ಟ್‌ನ ಎನ್‌ಐಎಂಎಚ್ (ನಿಕೆಲ್ ಮೆಟಲ್ ಹೈಡ್ರೈಡ್) ಬ್ಯಾಟರಿ ಸುರಕ್ಷಿತ. 7.4 ವೋಲ್ಟ್‌ನ ಎರಡು ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಹಾಕುವುದಾದರೆ ಇಎಸ್‌ಸಿಯಲ್ಲಿ ಲಿಪೊ ಆಯ್ಕೆ ಮಾಡಿ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳಾಗುತ್ತದೆ, ಅದನ್ನು ತಡೆಯಲೆಂದೇ ಈ ಆಯ್ಕೆ. ಲಿಪೊ ಚಾರ್ಜರಿನಲ್ಲಿ, ಸೆಲ್‌ಗಳನ್ನು ಸಮವಾಗಿ ತುಂಬಿಸುವ ಬ್ಯಾಲೆನ್ಸ್ ತಂತಿ ಸಿಕ್ಕಿಸಿ, ಕಣ್ಣೆದುರೇ ಚಾರ್ಜ್ ಮಾಡಿ. ಉಬ್ಬಿದ ಬ್ಯಾಟರಿ ಮತ್ತೆ ಬಳಸಬೇಡಿ.

ಮೊದಲ ಓಟ ಖಾಲಿ ಬಯಲಿನಲ್ಲಿ, ನಿಧಾನಕ್ಕೆ. ಕೈ ಬಿಟ್ಟರೂ ಕಾರು ಒಂದು ಕಡೆಗೆ ಎಳೆದರೆ ಟ್ರಿಮ್ ಸ್ವಲ್ಪ ಸರಿಸಿ. ಕೆಲವು ನಿಮಿಷ ಓಡಿಸಿ ನಿಲ್ಲಿಸಿ, ಮೋಟಾರಿನ ಹತ್ತಿರ ಕೈ ತಂದು ನೋಡಿ. ತುಂಬಾ ಬಿಸಿ ಹೊಡೆಯುತ್ತಿದ್ದರೆ ಗೇರುಗಳ ನಡುವಿನ ಅಂತರ ಮತ್ತೆ ನೋಡಿ, ಪಿನಿಯನ್ ಕೈಪಿಡಿ ಹೇಳಿದ್ದಕ್ಕಿಂತ ದೊಡ್ಡದಾಗಿದೆಯೇ ನೋಡಿ. ಮನೆಗೆ ಬಂದು ಚಕ್ರದ ನಟ್ಟುಗಳನ್ನೂ ಪಿನಿಯನ್‌ನ ಸಣ್ಣ ತಿರುಪನ್ನೂ ಒಮ್ಮೆ ಬಿಗಿಯಿರಿ. ಬ್ಯಾಟರಿ ಕಾರಿನಲ್ಲೇ ಬಿಡಬೇಡಿ. ಲಿಪೊ ಆಗಿದ್ದರೆ ಒಂದು ಸೆಲ್‌ಗೆ 3.8 ವೋಲ್ಟ್ ಆಸುಪಾಸಿಗೆ ತಂದು ಎತ್ತಿಡಿ.