ಸೀಟಿ ಕೇಳುವ ಮೊದಲು

ನಮ್ಮ ಬೀದಿಗೆ ಕಸದ ಆಟೊ ಬರುವುದು ಬೆಳಿಗ್ಗೆ ಏಳೂವರೆಗೆ. ಏಳೂವರೆ ಎಂದರೆ ಏಳೂ ಆಗಬಹುದು, ಎಂಟೂಕಾಲೂ ಆಗಬಹುದು. ಸೀಟಿ ಕೇಳಿದ ಮೇಲೆ ಬಕೆಟ್ ಹುಡುಕಿಕೊಂಡು ಎರಡನೆಯ ಮಹಡಿಯಿಂದ ಇಳಿಯುವಷ್ಟರಲ್ಲಿ ಗಾಡಿ ತಿರುವು ದಾಟಿರುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಕಸದ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು.

ಇದು ಒಂದೇ ದಿನದಲ್ಲಿ ಬಂದ ಶಿಸ್ತಲ್ಲ. ಬೆಂಗಳೂರಿನಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವುದು ಕಡ್ಡಾಯವಾದದ್ದು 2012ರ ಅಕ್ಟೋಬರಿನಲ್ಲಿ. ಮಂಡೂರಿನ ಜನ ತಮ್ಮೂರಿಗೆ ನಗರದ ಕಸ ಬೇಡವೆಂದು ಲಾರಿಗಳಿಗೆ ಅಡ್ಡ ನಿಂತಿದ್ದ ಕಾಲ ಅದು. ನಾನು ಒಂದು ವಾರ ಬೇರೆ ಮಾಡಿದೆ, ಎಂಟನೆಯ ದಿನ ಬಿಟ್ಟೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಬಕೆಟ್, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿದಾಗ ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡ್, ಡಯಪರ್‌ಗಳಂಥದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ ತಂದಿಟ್ಟು, ನನ್ನ ಪಾಲಿನದು ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಒಂದು ಬೆಳಿಗ್ಗೆ ಪೌರಕಾರ್ಮಿಕ ಹೆಂಗಸು ನನ್ನ ಹಸಿರು ಬಕೆಟ್ಟನ್ನು ಎತ್ತಿ ಗಾಡಿಗೆ ಸುರಿಯುವಾಗ, ಅಡಿಯಲ್ಲಿ ನಿಂತಿದ್ದ ಹಿಂದಿನ ದಿನದ ಹುಳಿ ಆಕೆಯ ತೋಳಿನುದ್ದಕ್ಕೂ ಇಳಿದು ಸೀರೆಯ ಸೆರಗಿಗೆ ಸೇರಿತು. ಬೈಯಲಿಲ್ಲ. “ಅಕ್ಕ, ಹಸಿ ಕಸ ಕೊಡಿ ಎಂದರೆ ಸಾರು ಕೊಡಿ ಎಂದಲ್ಲ” ಎಂದು ಬಕೆಟ್ ಕೆಳಗಿಟ್ಟಳು. ನಾನು ಬೇರೆ ಮಾಡುವುದನ್ನಷ್ಟೇ ಕಲಿತಿದ್ದೆ, ಬಸಿಯುವುದನ್ನು ಕಲಿತಿರಲಿಲ್ಲ.

ಅಂದಿನಿಂದ ಸಿಂಕಿನ ಮೂಲೆಯಲ್ಲಿ ಒಂದು ತೂತಿನ ಬುಟ್ಟಿ ಕೂತಿದೆ. ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಉಳಿದ ಕರಿಬೇವು, ಹುಣಸೆ ಹಿಪ್ಪೆ, ಎಲ್ಲವೂ ಮೊದಲು ಅದರಲ್ಲಿ ನೀರು ಬಿಡಬೇಕು. ರಾತ್ರಿ ಪಾತ್ರೆ ತೊಳೆದಾದ ಮೇಲೆ ಬಕೆಟ್ಟಿಗೆ ವರ್ಗ. ಬಕೆಟ್ಟಿನ ತಳಕ್ಕೆ ಎರಡು ಪದರ ಹಳೆಯ ಪೇಪರ್, ಪ್ಲಾಸ್ಟಿಕ್ ಚೀಲ ಮಾತ್ರ ಬೇಡ. ಚೀಲ ಕಟ್ಟಿಕೊಟ್ಟರೆ ಯಾರೋ ಅದನ್ನು ಹರಿದು, ಒಳಗಿನದನ್ನು ಬರಿಗೈಯಲ್ಲಿ ಸುರಿಯಬೇಕಾಗುತ್ತದೆ. ಫಿಲ್ಟರಿನ ಕಾಫಿ ಚರಟವನ್ನು ಕೊನೆಯಲ್ಲಿ ಮೇಲೆ ಉದುರಿಸುತ್ತೇನೆ. ವಾಸನೆ ತಗ್ಗುತ್ತದೆ, ಸಣ್ಣ ನೊಣಗಳೂ ಕಡಿಮೆ. ಹಲಸಿನ ಕಾಲದಲ್ಲಿ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ.

ಹೂವಿನ ಹಾರಗಳದು ಬೇರೆಯೇ ಕಥೆ. ಚೆಂಡುಹೂವನ್ನು ಹಾಗೇ ಹಸಿ ಕಸಕ್ಕೆ ಹಾಕಬಹುದು, ಆದರೆ ಅದನ್ನು ಪೋಣಿಸಿದ ದಾರ ಈಗ ಹೆಚ್ಚಾಗಿ ಪ್ಲಾಸ್ಟಿಕ್ಕು, ಜೊತೆಗೆ ಬೆಳ್ಳಿ ಬಣ್ಣದ ಜರಿ ಪಟ್ಟಿ ಬೇರೆ. ಒಂದು ತುದಿ ಹಿಡಿದು ಎಳೆದರೆ ಹೂಗಳು ಸರಸರನೆ ಉದುರುತ್ತವೆ. ಆಯುಧಪೂಜೆಯ ಮರುದಿನ ಇದಕ್ಕೇ ಅರ್ಧ ಗಂಟೆ ಬೇಕು.

ಒಣ ಕಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಹಾಲಿನ ಪ್ಯಾಕೆಟ್. ಎಲ್ಲರ ಹಾಗೆ ನಾನೂ ಮೂಲೆಯನ್ನು ಕತ್ತರಿಸಿ ಸಿಂಕಿಗೆ ಎಸೆಯುತ್ತಿದ್ದೆ. ಉಗುರಿನಷ್ಟು ಅಗಲದ ಆ ತ್ರಿಕೋನವನ್ನು ಕಸ ವಿಂಗಡಿಸುವವರು ಯಾರೂ ಆರಿಸಲಾರರು. ಅದು ಹೋಗಿ ಸೇರುವುದು ಮೋರಿಗೆ ಅಥವಾ ಗೊಬ್ಬರಕ್ಕೆ. ಈಗ ಮೂಲೆಯನ್ನು ಪೂರ್ತಿ ಕತ್ತರಿಸದೆ, ಒಂದೆಳೆ ಅಂಟಿಕೊಂಡಿರುವಂತೆ ಸೀಳುತ್ತೇನೆ. ಹಾಲು ಸುರಿದ ಮೇಲೆ ಪ್ಯಾಕೆಟ್ಟಿಗೆ ಅಕ್ಕಿ ತೊಳೆದ ನೀರು ಹಾಕಿ ಎರಡು ಸಲ ಕುಲುಕಿ, ಆ ನೀರನ್ನು ಕರಿಬೇವಿನ ಕುಂಡಕ್ಕೆ ಚೆಲ್ಲಿ, ಕ್ಲಿಪ್ ಹಾಕಿ ತಂತಿಗೆ ನೇತುಹಾಕುತ್ತೇನೆ. ತೊಳೆಯದೆ ಚೀಲಕ್ಕೆ ಹಾಕಿದರೆ ಮೂರನೆಯ ದಿನ ಅದು ಕೊಡುವ ವಾಸನೆ, ಪಕ್ಕದಲ್ಲಿರುವ ಒಳ್ಳೆಯ ಕಾಗದವನ್ನೂ ಕೆಡಿಸುತ್ತದೆ. ಎದುರುಮನೆಯ ಅಜ್ಜಿ ಒಮ್ಮೆ ತಾರಸಿಯಿಂದಲೇ “ಏನಮ್ಮ, ಸಂಡಿಗೆ ಒಣಗಿಸಿದ್ದೀಯಾ?” ಎಂದು ಕೇಳಿದರು.

ನಮ್ಮಲ್ಲಿ ಒಣ ಕಸಕ್ಕೆ ಗಾಡಿ ಬರುವುದು ವಾರಕ್ಕೆ ಎರಡೇ ದಿನ. ಅದಕ್ಕೆ 25 ಕಿಲೋ ಅಕ್ಕಿಯ ಖಾಲಿ ಚೀಲ ಸಾಕು. ಬಾಯಿ ಬಿಗಿಯಾಗಿ ಕಟ್ಟುವುದಿಲ್ಲ, ಸುಮ್ಮನೆ ಮಡಚುತ್ತೇನೆ. ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಚಪ್ಪಟೆ ಮಾಡುತ್ತೇನೆ. ಪಿಜ್ಜಾ ಡಬ್ಬಿಯ ಎಣ್ಣೆ ಹಿಡಿದ ತಳವನ್ನು ಹರಿದು ಹಸಿ ಕಸಕ್ಕೆ ಹಾಕಿ, ಮುಚ್ಚಳವನ್ನಷ್ಟೇ ಚೀಲಕ್ಕೆ ಹಾಕುತ್ತೇನೆ.

ಇಲ್ಲಿ ನನ್ನದೊಂದು ತಕರಾರಿದೆ. ಪೇಪರ್, ಬಾಟಲಿ, ಡಬ್ಬಗಳನ್ನೆಲ್ಲ ಗುಜರಿಗೆ ಮಾರಿ, ಚಿಪ್ಸ್ ಪೊಟ್ಟಣವನ್ನೂ ಥರ್ಮಾಕೋಲನ್ನೂ ಮಾತ್ರ ಒಣ ಕಸವೆಂದು ಕೊಟ್ಟರೆ, ಅದರಿಂದ ಯಾರಿಗೆ ಏನು ಹುಟ್ಟುತ್ತದೆ? ನಗರದ ಎಷ್ಟೋ ಒಣ ಕಸ ಸಂಗ್ರಹ ಕೇಂದ್ರಗಳನ್ನು ನಡೆಸುವವರು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ. ಮಾರಿ ಬಂದ ಹಣವೂ ಅವರ ಸಂಪಾದನೆ. ಪೇಪರ್ ಗುಜರಿಗೇ ಹೋಗಲಿ, ಬಾಟಲಿಗಳನ್ನು ನಾನು ಚೀಲದಲ್ಲೇ ಬಿಡುತ್ತೇನೆ. ಯಜಮಾನರಿಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ.

ಕೆಂಪು ಬಕೆಟ್ಟಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪ್ಯಾಡ್, ಡಯಪರ್, ಬ್ಯಾಂಡೇಜ್ ಯಾವುದೇ ಇರಲಿ, ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ ಅಡ್ಡಗೀಟು ಹಾಕುತ್ತೇನೆ. ಒಡೆದ ಗಾಜನ್ನು ಯಾವ ಬಕೆಟ್ಟಿಗೂ ಹಾಕುವುದಿಲ್ಲ. ದಪ್ಪ ಪೇಪರಿನಲ್ಲಿ ಸುತ್ತಿ, ಸಣ್ಣ ರಟ್ಟಿನ ಡಬ್ಬಿಗೆ ಹಾಕಿ, “ಗಾಜು” ಎಂದು ಬಾಯಿಬಿಟ್ಟು ಹೇಳಿ ಕೈಗೆ ಕೊಡುತ್ತೇನೆ. ಸತ್ತ ಬ್ಯಾಟರಿ, ಹಳೆಯ ಸಿಎಫ್‌ಎಲ್ ಬಲ್ಬುಗಳು ಬೇರೊಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡುತ್ತಿವೆ. ಆ ಬಲ್ಬುಗಳಲ್ಲಿ ಪಾದರಸವಿರುವುದರಿಂದ ಒಡೆಯದಂತೆ ಬಟ್ಟೆ ಸುತ್ತಿದ್ದೇನೆ.

ಬೇಸಗೆಯಲ್ಲಿ ಇಷ್ಟೆಲ್ಲ ಸಲೀಸು. ಮಳೆಗಾಲದಲ್ಲಿ ತಂತಿಯ ಮೇಲಿನ ಪ್ಯಾಕೆಟ್ಟುಗಳು ಎರಡು ದಿನವಾದರೂ ಒಣಗುವುದಿಲ್ಲ. ಈಗ ಅವು ಫ್ರಿಜ್ಜಿನ ಪಕ್ಕದ ಬಿಸಿ ಗೋಡೆಗೆ ಸಾಲಾಗಿ ಅಂಟಿಕೊಂಡಿವೆ. ನಿನ್ನೆ ಬಂದ ನೆಂಟರು ಅದೇನೆಂದು ಕೇಳಿದಾಗ ಯಜಮಾನರು ನನ್ನ ಕಡೆ ಕೈ ತೋರಿಸಿದರು.